ಏಳು ಇಂಚಿನ ಮರದ ತುಂಡು

ಕಳೆದ ಚಳಿಗಾಲದ ಒಂದು ದಿನ ಬೆಳಿಗ್ಗೆ ಆರೂವರೆಗೆ ಅಮೆರಿಕದಲ್ಲಿರುವ ನನ್ನ ತಂಗಿಯ ಫೋನು ಬಂತು. ಪರದೇಶದಿಂದ ಅಷ್ಟು ಬೆಳಿಗ್ಗೆ ಫೋನು ಬಂದರೆ ಎದೆ ಧಸಕ್ಕೆನ್ನುವುದು ನಮ್ಮಂಥವರ ಮನೆಗಳಲ್ಲಿ ವಾಡಿಕೆ. ಆದರೆ ಅವಳು ಕೇಳಿದ್ದು ಇಷ್ಟೇ: 'ಭಾಯಿಜಾನ್, ಅಬ್ಬಾ ಎದ್ದಿದ್ದಾರಾ? ಒಂದು ಮರದ ತುಂಡು ತೋರಿಸಬೇಕು.'

ಅಬ್ಬಾ ಬಡಗಿ. ನಲವತ್ತು ವರ್ಷ ಕೆಲಸ ಮಾಡಿ ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದಾರೆ. ಫೋನಿನ ಪರದೆಯಲ್ಲಿ ಎಂಟು ವರ್ಷದ ನನ್ನ ಸೋದರಳಿಯ ಒಂದು ಪುಟ್ಟ ಡಬ್ಬಿ ಬಿಚ್ಚಿ ತೋರಿಸುತ್ತಿದ್ದ. ಅದರಲ್ಲಿ ಏಳು ಇಂಚು ಉದ್ದದ ಪೈನ್ ಮರದ ಒಂದು ತುಂಡು, ನಾಲ್ಕು ಕರಿಯ ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಇಷ್ಟರಲ್ಲೇ ಅವನೊಂದು ರೇಸ್ ಕಾರು ಮಾಡಬೇಕು. ಆರು ವಾರದ ನಂತರ ಅವನ ಸ್ಕೌಟ್ ಗುಂಪಿನಲ್ಲಿ ಪಂದ್ಯವಿತ್ತು. ಅಬ್ಬಾ ಫೋನನ್ನು ಮೂಗಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿ ಕೇಳಿದ ಮೊದಲ ಪ್ರಶ್ನೆ, 'ಎಳೆ ಯಾವ ಕಡೆಗೆ ಹೋಗಿದೆ?'

ಈ ಆಟಕ್ಕೆ 'ಪೈನ್‌ವುಡ್ ಡರ್ಬಿ' ಎಂದು ಹೆಸರು. ಅಮೆರಿಕದಲ್ಲಿ ಬೆಳೆದ ಎಷ್ಟೋ ಗಂಡಸರಿಗೆ ಇದು ಬಾಲ್ಯದ ನೆನಪುಗಳಲ್ಲೊಂದು. ನಮಗೆ ಹೊಸದು. ತಂಗಿಯ ಫೋನು ಬಂದ ಮೇಲೆ ಕುತೂಹಲಕ್ಕೆ ಇದರ ಇತಿಹಾಸ ಓದತೊಡಗಿದೆ. ಓದುತ್ತ ಹೋದಂತೆ ಇದು ಬರೀ ಆಟಿಕೆಯ ಕತೆಯಲ್ಲ, ಅಪ್ಪಂದಿರ ಕೈ ಎಲ್ಲಿಯವರೆಗೆ ಚಾಚಬೇಕು ಎಂಬುದರ ಕತೆ ಎನ್ನಿಸಿತು.

ಕತೆ ಶುರುವಾಗುವುದು ಈ ಪುಟ್ಟ ಕಾರಿನಿಂದಲ್ಲ, ಅದರ ಅಣ್ಣನಿಂದ. 1933. ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ನೆಲಕಚ್ಚಿದ್ದ ಕಾಲ. ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಮೈರನ್ ಸ್ಕಾಟ್ ಎಂಬ ಪತ್ರಿಕಾ ಛಾಯಾಗ್ರಾಹಕನಿದ್ದ. ಕೆಲವು ಹುಡುಗರು ತಾವೇ ಜೋಡಿಸಿದ ಎಂಜಿನ್ ಇಲ್ಲದ ಗಾಡಿಗಳಲ್ಲಿ ಕುಳಿತು ಇಳಿಜಾರು ಬೀದಿಯಲ್ಲಿ ಜಾರಿಕೊಂಡು ಬರುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಫೋಟೊ ತೆಗೆದ. ಅಷ್ಟಕ್ಕೇ ಸುಮ್ಮನಾಗದೆ ದೊಡ್ಡದೊಂದು ಪಂದ್ಯವನ್ನೇ ಏರ್ಪಡಿಸಿದ. ಆ ಆಗಸ್ಟ್‌ನಲ್ಲಿ 362 ಮಕ್ಕಳು ಗಾಡಿ ಎಳೆದುಕೊಂಡು ಬಂದರಂತೆ. ಕಿತ್ತಳೆ ತುಂಬುವ ಪೆಟ್ಟಿಗೆ, ತಗಡಿನ ಚೂರು, ಕೂಸಿನ ತಳ್ಳುಗಾಡಿಯ ಚಕ್ರ, ಕೈಗೆ ಸಿಕ್ಕಿದ್ದೆಲ್ಲ ಅಲ್ಲಿ ಗಾಡಿಯಾಗಿತ್ತು. ಅಂಗಡಿಗಳಿಗೆ ಸೋಪು ಬರುತ್ತಿದ್ದ ಮರದ ಪೆಟ್ಟಿಗೆಗಳಿಂದಾಗಿ ಇವಕ್ಕೆ 'ಸೋಪ್ ಬಾಕ್ಸ್' ಗಾಡಿಗಳೆಂಬ ಹೆಸರು ಬಂತು.

ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಬೇರಿಂಗ್ ಗಾಡಿ ನೆನಪಾಗದೆ ಇರಲಿಲ್ಲ. ಕರ್ನಾಟಕದ ಸಣ್ಣ ಊರುಗಳಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಅದನ್ನು ವಿವರಿಸಬೇಕಿಲ್ಲ. ಗ್ಯಾರೇಜಿನ ಹುಡುಗರನ್ನು ಕಾಡಿಬೇಡಿ ತಂದ ಹಳೆಯ ಬಾಲ್ ಬೇರಿಂಗ್ ಮೂರೋ ನಾಲ್ಕೋ, ಒಂದು ಹಲಗೆ, ತಿರುಗಿಸಲು ಮುಂದೊಂದು ಅಡ್ಡಪಟ್ಟಿ, ಹಿಡಿದುಕೊಳ್ಳಲು ಒಂದು ಹಗ್ಗ. ಟಾರು ರಸ್ತೆಯ ಮೇಲೆ ಅದು ಹೊರಡಿಸುತ್ತಿದ್ದ ಕರಕರ ಸದ್ದಿಗೆ ಮಧ್ಯಾಹ್ನ ನಿದ್ದೆ ಹಾಳಾದವರು ಹಾಕಿದ ಶಾಪಗಳಿಗೆ ಲೆಕ್ಕವಿಲ್ಲ. ಡೇಟನ್ನಿನ ಹುಡುಗರಿಗೂ ನಮಗೂ ಇದ್ದ ವ್ಯತ್ಯಾಸವೆಂದರೆ, ನಮ್ಮ ಬೀದಿಗೆ ಯಾವ ಛಾಯಾಗ್ರಾಹಕನೂ ಬರಲಿಲ್ಲ.

ಸ್ಕಾಟ್‌ನ ಆಟಕ್ಕೆ ಷೆವರ್ಲೆ ಕಾರು ಕಂಪನಿ ಬೆನ್ನಿಗೆ ನಿಂತಿತು. 1934ರಲ್ಲಿ ಮೊದಲ ರಾಷ್ಟ್ರಮಟ್ಟದ ಪಂದ್ಯ ನಡೆಯಿತು. ಮರುವರ್ಷ ಅದು ಗುಡ್ಡಗಾಡಿನ ಆಕ್ರನ್ ಊರಿಗೆ ಸ್ಥಳಾಂತರವಾಯಿತು. 1936ರಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ ಕೈಗೊಂಡಿದ್ದ ಯೋಜನೆಯ ನೆರವಿನಿಂದ ಅಲ್ಲಿ ಇದಕ್ಕೆಂದೇ ಇಳಿಜಾರಿನ ಓಟದ ಪಥ ನಿರ್ಮಾಣವಾಯಿತು. ಇನ್ನೊಂದು ಸಂಗತಿ ಹೇಳಬೇಕು. 1933ರ ಆ ಮೊದಲ ಡೇಟನ್ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದ ಮಗು ತಲೆಯ ಮೇಲಿನ ಹೆಲ್ಮೆಟ್ ತೆಗೆದಾಗ ಜನ ಬೆರಗಾದರಂತೆ. ಅವಳು ಹುಡುಗಿ! ಆಮೇಲೆ ಹುಡುಗಿಯರಿಗೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1971ರಲ್ಲಿ. ನಾಲ್ಕೇ ವರ್ಷದಲ್ಲಿ, 1975ರಲ್ಲಿ, ಕರೆನ್ ಸ್ಟೆಡ್ ಎಂಬ ಹುಡುಗಿ ರಾಷ್ಟ್ರ ಪ್ರಶಸ್ತಿ ಗೆದ್ದಳು. ಮುಚ್ಚಿದವರು ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದರು ಎಂಬುದು ಆಗ ಎಲ್ಲರಿಗೂ ತಿಳಿದಿರಬೇಕು.

ಈಗ 1953ಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಸಮುದ್ರ ತೀರದಲ್ಲಿ ಮ್ಯಾನ್‌ಹಟನ್ ಬೀಚ್ ಎಂಬ ಊರು. ಅಲ್ಲಿ ಡಾನ್ ಮರ್ಫಿ ಎಂಬಾತ 'ಕಬ್ ಸ್ಕೌಟ್' ಎನ್ನುವ ಸಣ್ಣ ಮಕ್ಕಳ ಸ್ಕೌಟ್ ಗುಂಪಿನ ಮುಖ್ಯಸ್ಥ. ಗುಂಪಿನ ಸಂಖ್ಯೆ 280ಸಿ. ಹೊಟ್ಟೆಪಾಡಿಗೆ ಅವನಿಗೆ ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ವಿಮಾನ ಕಂಪನಿಯಲ್ಲಿ ನೌಕರಿ. ಎರಡನೆಯ ಮಹಾಯುದ್ಧದ ಮಸ್ಟಾಂಗ್, ಕೊರಿಯಾ ಯುದ್ಧದ ಸೇಬರ್ ಯುದ್ಧವಿಮಾನಗಳನ್ನು ತಯಾರಿಸಿದ ಕಂಪನಿ ಅದು. ಮರ್ಫಿಯ ಹತ್ತು ವರ್ಷದ ಮಗನಿಗೆ ಸೋಪ್ ಬಾಕ್ಸ್ ಪಂದ್ಯದಲ್ಲಿ ಓಡುವ ಆಸೆ. ಆದರೆ ವಯಸ್ಸು ಸಾಲದು. ಮಗನ ಸಪ್ಪೆ ಮುಖ ನೋಡಿದ ತಂದೆಗೆ ಒಂದು ಉಪಾಯ ಹೊಳೆಯಿತು. ಕೂರುವಷ್ಟು ದೊಡ್ಡ ಗಾಡಿ ಬೇಡ, ಅಂಗೈ ಮೇಲೆ ನಿಲ್ಲುವಂಥದು ಮಾಡಿದರೆ? ಮಾದರಿ ವಿಮಾನ, ಮಾದರಿ ಹಡಗು ಮಾಡುವ ಹವ್ಯಾಸ ಅವನಿಗೆ ಮೊದಲಿಂದಲೂ ಇತ್ತು. ಮೆತ್ತನೆಯ ಪೈನ್ ಮರದಿಂದ ಪುಟ್ಟ ಕಾರು ಕೆತ್ತಿ, ಇಳಿಜಾರು ಹಲಗೆಯ ಮೇಲೆ ಬಿಟ್ಟು ಪಂದ್ಯ ನಡೆಸುವುದು ಎಂದು ನಿರ್ಧರಿಸಿದ. ಕಂಪನಿಯ ಮ್ಯಾನೇಜ್‌ಮೆಂಟ್ ಕ್ಲಬ್ಬು ಖರ್ಚಿಗೆ ಒಪ್ಪಿತು.

ಮರದ ತುಂಡು, ಚಕ್ರ, ಅಚ್ಚು, ಜೊತೆಗೆ ಹೇಗೆ ಮಾಡಬೇಕೆಂಬ ಒಂದು ಹಾಳೆ, ಇಷ್ಟನ್ನೂ ಕಂದು ಕಾಗದದ ಚೀಲದಲ್ಲಿ ಹಾಕಿ ಪ್ರತಿ ಹುಡುಗನಿಗೆ ಕೊಟ್ಟರು. ಮೊದಲು ಗುರಿ ಮುಟ್ಟಿದ್ದು ಯಾರ ಕಾರು ಎಂದು ತಗಾದೆ ಬರಬಾರದಲ್ಲ? ಮನೆಯ ಕರೆಗಂಟೆಗೆ ಹಾಕುವ ಬ್ಯಾಟರಿಯಿಂದ ಕೊನೆಯ ಗೆರೆಯಲ್ಲಿ ದೀಪ ಹೊತ್ತುವಂತೆ ವ್ಯವಸ್ಥೆ ಮಾಡಿದರು. 1953ರ ಮೇ 15ರಂದು ಊರಿನ ಸ್ಕೌಟ್ ಭವನದಲ್ಲಿ ಮೊದಲ ಪಂದ್ಯ ನಡೆಯಿತು. ಹೆಸರಿಟ್ಟವನೂ ಮರ್ಫಿಯೇ. 'ಡರ್ಬಿ' ಎಂಬುದು 1780ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಆರಂಭವಾದ ಕುದುರೆ ಜೂಜಿನಿಂದ ಬಂದ ಪದ. ಅದು ಡರ್ಬಿಯ ಅರ್ಲ್ ಎಂಬ ಸಾಹುಕಾರನ ಹೆಸರಿನದು. ನಮ್ಮ ಬೆಂಗಳೂರಿನ ಕುದುರೆ ಪಂದ್ಯಕ್ಕೂ ಅದೇ ಹೆಸರು. ಸಾಹುಕಾರನ ಹೆಸರು ಎಲ್ಲೆಲ್ಲಿಗೋ ತಿರುಗಿ ಕೊನೆಗೆ ನಾಲ್ಕಾಣೆಯ ಮರದ ತುಂಡಿಗೆ ಬಂದು ಸೇರಿತು.

1954ರ ಅಕ್ಟೋಬರ್‌ನಲ್ಲಿ ಸ್ಕೌಟರ 'ಬಾಯ್ಸ್ ಲೈಫ್' ಪತ್ರಿಕೆ ಈ ಆಟದ ಬಗ್ಗೆ ಬರೆಯಿತು. ಅಲ್ಲಿಂದ ಅದು ದೇಶವೆಲ್ಲ ಹರಡಿತು. ಕೆನಡಾಕ್ಕೂ 'ಕಬ್ ಕಾರ್' ಎಂಬ ಹೆಸರಿನಲ್ಲಿ ಹೋಯಿತು. 2018ರಿಂದ ಅಮೆರಿಕದ ಕಬ್ ಗುಂಪುಗಳಲ್ಲಿ ಹುಡುಗಿಯರೂ ಇದ್ದಾರೆ. ಅಲ್ಲಿನ ಬಾಯ್ ಸ್ಕೌಟ್ ಸಂಸ್ಥೆ 2025ರಲ್ಲಿ ತನ್ನ ಹೆಸರಿನಿಂದ 'ಬಾಯ್' ಎಂಬುದನ್ನೇ ತೆಗೆದು 'ಸ್ಕೌಟಿಂಗ್ ಅಮೆರಿಕ' ಎಂದಿಟ್ಟುಕೊಂಡಿದೆ. ಮರ್ಫಿ 2008ರಲ್ಲಿ ತೀರಿಕೊಂಡ.

ತಂದೆ-ಮಗ ಜೊತೆಗೆ ಕುಳಿತು ಏನಾದರೊಂದು ಮಾಡಲಿ, ಕೈಕೆಲಸ ಕಲಿಯಲಿ, ಸೋಲನ್ನು ಸಮಾಧಾನದಿಂದ ತೆಗೆದುಕೊಳ್ಳುವುದು ಕಲಿಯಲಿ ಎನ್ನುವುದು ಮರ್ಫಿಯ ಉದ್ದೇಶವಾಗಿತ್ತು. ಯುದ್ಧ ಮುಗಿಸಿ ಬಂದ ಒಂದು ತಲೆಮಾರಿನ ಗಂಡಸರು ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆಯಲ್ಲಿ ದುಡಿದು, ಮಕ್ಕಳ ಮುಖವನ್ನು ಭಾನುವಾರ ಮಾತ್ರ ಸರಿಯಾಗಿ ನೋಡುತ್ತಿದ್ದ ಕಾಲ ಅದು. ಅಂಥ ಅಪ್ಪಂದಿರಿಗೆ ಮಗನ ಪಕ್ಕ ಕೂರಲು ಒಂದು ನೆಪ ಬೇಕಿತ್ತು. ಗಂಡಸರು ಸುಮ್ಮನೆ ಕೂತು ಪ್ರೀತಿ ಮಾಡಲಾರರು, ಕೈಯಲ್ಲೊಂದು ಕೆಲಸವಿದ್ದರೆ ಮಾಡಬಲ್ಲರು. ನಮ್ಮ ಮನೆಗಳಲ್ಲಿಯೂ ಹೀಗೇ ಅಲ್ಲವೇ? ಆದರೆ ಅಪ್ಪನೇ ಇಲ್ಲದ ಹುಡುಗ ಆ ಚೀಲ ಹಿಡಿದು ಯಾರ ಬಳಿಗೆ ಹೋಗಬೇಕಿತ್ತು ಎನ್ನುವ ಪ್ರಶ್ನೆಯೂ ನನ್ನನ್ನು ಬಿಡಲಿಲ್ಲ. ಈಗ ಅಮ್ಮಂದಿರು, ಅಜ್ಜಂದಿರು ಕೂರುತ್ತಾರೆ. ನನ್ನ ಸೋದರಳಿಯನ ಜೊತೆ ಕೂತದ್ದೂ ನನ್ನ ತಂಗಿಯೇ. ಅವಳ ಗಂಡನಿಗೆ ಸ್ಕ್ರೂಡ್ರೈವರ್ ಹಿಡಿಯಲೂ ಬಾರದು.

ಕಾರಿನ ಲೆಕ್ಕಾಚಾರ ನೋಡಲು ಸರಳ. ಇದಕ್ಕೆ ಎಂಜಿನ್ ಇಲ್ಲ, ತಳ್ಳುವಂತಿಲ್ಲ. ಭೂಮಿ ಎಳೆಯುವುದೇ ಶಕ್ತಿ. ಒಟ್ಟು ತೂಕ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಹಾಗೆಂದು ಕಡಿಮೆ ಇದ್ದರೂ ನಷ್ಟವೇ. ಎತ್ತರದಿಂದ ಇಳಿಯುವಾಗ ಕಾರಿಗೆ ಸಿಗುವ ಶಕ್ತಿಯಲ್ಲಿ ಒಂದು ಪಾಲು ಚಕ್ರ ತಿರುಗಿಸಲು, ಇನ್ನೊಂದು ಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ಕಾರು ಭಾರವಿದ್ದಷ್ಟೂ ಈ ಖರ್ಚಿನ ಪಾಲು ಕಡಿಮೆ. ಆದ್ದರಿಂದ ಮರವನ್ನು ಕೆತ್ತಿ ತೆಳ್ಳಗೆ ಮಾಡಿ, ಕಳೆದುಕೊಂಡ ತೂಕವನ್ನು ಸೀಸವೋ ಟಂಗ್‌ಸ್ಟನ್ನೋ ಇಟ್ಟು ತುಂಬುತ್ತಾರೆ. ಅದನ್ನು ಹಿಂಭಾಗದಲ್ಲಿಡುವುದು ಜಾಣತನ. ಇಳಿಜಾರಿನಲ್ಲಿ ನಿಂತ ಕಾರಿನ ಹಿಂಭಾಗವೇ ಎತ್ತರದಲ್ಲಿರುವುದರಿಂದ ಅಲ್ಲಿಟ್ಟ ತೂಕ ಹೆಚ್ಚು ಎತ್ತರದಿಂದ ಕೆಳಗಿಳಿಯುತ್ತದೆ. ಮೊಳೆಯೇ ಅಚ್ಚು. ಅದರ ತಲೆಯ ಕೆಳಗಿನ ಒರಟನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನಯಮಾಡಿ, ಎಣ್ಣೆಯ ಬದಲು ಗ್ರಾಫೈಟ್ ಪುಡಿ, ಎಂದರೆ ನಮ್ಮ ಪೆನ್ಸಿಲಿನ ಕಡ್ಡಿಯದೇ ಪುಡಿ, ಹಾಕುತ್ತಾರೆ. ಕೆಲವರು ನಾಲ್ಕರಲ್ಲಿ ಒಂದು ಚಕ್ರವನ್ನು ಕೂದಲೆಳೆಯಷ್ಟು ಎತ್ತರಕ್ಕೆ ಕೂರಿಸಿ ಮೂರೇ ಚಕ್ರದಲ್ಲಿ ಓಡಿಸುತ್ತಾರೆ. ಇಷ್ಟೆಲ್ಲ ಹೆಣಗಾಟ ಮೂರು ಸೆಕೆಂಡಿನ ಓಟಕ್ಕೆ!

ಎಂಟು ವರ್ಷದ ಮಗು ಇದನ್ನೆಲ್ಲ ಮಾಡೀತೇ? ಮಾಡಲಾರದು. ಅಲ್ಲಿಂದಲೇ ತೊಂದರೆ ಶುರು. ಪಂದ್ಯದ ದಿನ ಮೇಜಿನ ಮೇಲೆ ಸಾಲಾಗಿ ನಿಂತ ಕಾರುಗಳನ್ನು ಕಂಡರೆ ಯಾವುದನ್ನು ಮಗು ಮಾಡಿದೆ, ಯಾವುದನ್ನು ಎಂಜಿನಿಯರ್ ಅಪ್ಪ ಮಾಡಿದ್ದಾನೆ ಎಂಬುದು ಯಾರಿಗಾದರೂ ತಿಳಿಯುತ್ತದಂತೆ. ಯಂತ್ರದಲ್ಲಿ ಕಡೆದ ಚಕ್ರಗಳು, ತಯಾರಾದ ಕಾರುಗಳೇ ಮಾರಾಟಕ್ಕೆ ಸಿಗುತ್ತವೆ. 2005ರಲ್ಲಿ ಬಂದ 'ಡೌನ್ ಆ್ಯಂಡ್ ಡರ್ಬಿ' ಎಂಬ ನಗೆ ಸಿನೆಮಾದ ವಸ್ತುವೇ ಮಕ್ಕಳ ಪಂದ್ಯದಲ್ಲಿ ಹುಚ್ಚೆದ್ದ ಅಪ್ಪಂದಿರು. ಇದಕ್ಕೆ ಎಷ್ಟೋ ಗುಂಪುಗಳು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟವಾಯಿತು. ದೊಡ್ಡವರಿಗೆಂದೇ ಬೇರೊಂದು ಪಂದ್ಯ ಇಡುತ್ತಾರೆ. ಅಪ್ಪಾ, ನಿನಗೂ ಒಂದು ಮರದ ತುಂಡು ಕೊಡುತ್ತೇವೆ, ಮಗನದನ್ನು ಮುಟ್ಟಬೇಡ!

ಅಣ್ಣ ಗಾಡಿಯ ಕತೆ ಮಾತ್ರ ನಗೆಯಲ್ಲಿ ಮುಗಿಯಲಿಲ್ಲ. 1973ರ ಆಗಸ್ಟ್‌ನಲ್ಲಿ ಆಕ್ರನ್‌ನ ರಾಷ್ಟ್ರ ಪಂದ್ಯವನ್ನು ಕೊಲರಾಡೊ ರಾಜ್ಯದ ಬೋಲ್ಡರ್ ಊರಿನ 14 ವರ್ಷದ ಹುಡುಗನೊಬ್ಬ ಗೆದ್ದ. ಅವನ ಗಾಡಿ ಹೊರಡುವಾಗಲೇ ಉಳಿದವರಿಗಿಂತ ಮುಂದಕ್ಕೆ ನೆಗೆದಂತೆ ಕಂಡದ್ದು ಅಧಿಕಾರಿಗಳಲ್ಲಿ ಅನುಮಾನ ಹುಟ್ಟಿಸಿತು. ಸುತ್ತು ಕಳೆದಂತೆ ಅದರ ವೇಗ ಕಡಿಮೆಯಾಗುತ್ತ ಬಂದದ್ದು ಇನ್ನೂ ವಿಚಿತ್ರ. ಗಾಡಿಯನ್ನು ಎಕ್ಸ್-ರೇ ತೆಗೆದರು. ಮೂತಿಯೊಳಗೆ ಒಂದು ವಿದ್ಯುತ್ಕಾಂತ! ಹುಡುಗ ಹೆಲ್ಮೆಟ್ಟನ್ನು ಹಿಂದಿನ ಒರಗಿಗೆ ಒತ್ತಿದರೆ ಬ್ಯಾಟರಿ ಚಾಲೂ. ಗಾಡಿಗಳನ್ನು ತಡೆದು ನಿಲ್ಲಿಸುವ ಕಬ್ಬಿಣದ ಪಟ್ಟಿ ಮುಂದಕ್ಕೆ ಬೀಳುವಾಗ ಆ ಅಯಸ್ಕಾಂತ ಗಾಡಿಯನ್ನು ಅದರ ಜೊತೆಗೇ ಎಳೆಯುತ್ತಿತ್ತು. ಬ್ಯಾಟರಿ ಇಳಿದಂತೆ ವೇಗವೂ ಇಳಿಯಿತು. ಎರಡು ದಿನದಲ್ಲಿ ಪ್ರಶಸ್ತಿ ಹಿಂದಕ್ಕೆ ಹೋಯಿತು.

ಇದನ್ನು ಮಾಡಿಸಿದವನು ಹುಡುಗನ ಮಾವ ರಾಬರ್ಟ್ ಲ್ಯಾಂಗ್. ಹಿಮದ ಮೇಲೆ ಜಾರುವವರ ಬೂಟುಗಳಿಗೆ ಹೆಸರಾದ ಉದ್ಯಮಿ. ಹಿಂದಿನ ವರ್ಷ, 1972ರಲ್ಲಿ, ಪ್ರಶಸ್ತಿ ಗೆದ್ದವನು ಅವನ ಸ್ವಂತ ಮಗ. ಲ್ಯಾಂಗ್ ತಪ್ಪೊಪ್ಪಿಕೊಂಡ. ಆದರೆ ಅವನು ಕೊಟ್ಟ ಸಮಜಾಯಿಷಿ ಓದಿದಾಗ ಅದರಲ್ಲಿ ಸ್ವಲ್ಪ ಸತ್ಯವೂ ಇದೆಯೆನ್ನಿಸಿ ಕಸಿವಿಸಿಯಾಯಿತು. ಈ ಪಂದ್ಯದಲ್ಲಿ ದೊಡ್ಡವರೇ ಗಾಡಿ ಕಟ್ಟುವುದು, ನಿಯಮ ಮುರಿಯುವುದು ಎಲ್ಲೆಡೆ ನಡೆದೇ ಇದೆ, ನಾನು ನಮ್ಮ ಹುಡುಗನನ್ನು ಉಳಿದವರ ಸಮಕ್ಕೆ ತಂದೆ ಅಷ್ಟೆ ಎಂಬುದು ಅವನ ವಾದದ ಸಾರ. ಅಪ್ಪಂದಿರ ಕೈ ಗಾಡಿಯೊಳಗೆ ಹೊಕ್ಕ ದಿನವೇ ಅಯಸ್ಕಾಂತಕ್ಕೂ ದಾರಿ ತೆರೆದಿತ್ತೇನೋ. ಆ ವರ್ಷ ಅಮೆರಿಕದ ಜನ ಟೀವಿಯಲ್ಲಿ ವಾಟರ್‌ಗೇಟ್ ವಿಚಾರಣೆ ನೋಡುತ್ತಿದ್ದರು. ಅಧ್ಯಕ್ಷರ ಕಚೇರಿಯ ಮೋಸ ಒಂದು ಕಡೆ, ಮಕ್ಕಳ ಗಾಡಿಯ ಮೋಸ ಇನ್ನೊಂದು ಕಡೆ. ಆ ಹುಡುಗನ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ನಾನಿಲ್ಲಿ ಬರೆಯಲಾರೆ. ಅವನು ಮಗು.

ಬರೆಯಲಾರೆ ಎನ್ನುವುದಕ್ಕೆ ನನ್ನದೇ ಆದ ಕಾರಣವೂ ಇದೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ ನಾನು ಎಂಟನೆಯ ತರಗತಿಗೆ ಕನ್ನಡ ಮಾಧ್ಯಮದ ಹೈಸ್ಕೂಲು ಸೇರಿದೆ. ನನ್ನ ಕನ್ನಡ ಕೇಳಿ ಹುಡುಗರು ನಗುತ್ತಿದ್ದರು. ಆ ವರ್ಷದ ವಸ್ತುಪ್ರದರ್ಶನಕ್ಕೆ ಏನಾದರೂ ಮಾಡಿ ತೋರಿಸಲೇಬೇಕೆಂಬ ಹಟ. ಮರದ ಎತ್ತಿನ ಗಾಡಿ ಶುರುಮಾಡಿದೆ. ಮೂಕಿ ಆಯಿತು, ನೊಗ ಆಯಿತು. ಚಕ್ರ ಮಾತ್ರ ಆಗಲೊಲ್ಲದು. ಅರೆಕಾಲುಗಳನ್ನು ಕೂರಿಸಿದರೆ ಗುಂಬ ಸೀಳುತ್ತಿತ್ತು. ಮೂರು ಸಂಜೆ ಹಾಳಾಯಿತು. ನಾಲ್ಕನೆಯ ಸಂಜೆ ಕೆಲಸದಿಂದ ಬಂದ ಅಬ್ಬಾ ಸ್ವಲ್ಪ ಹೊತ್ತು ನಿಂತು ನೋಡಿ, 'ಕೊಡು ಇಲ್ಲಿ' ಎಂದು ಉಳಿಯನ್ನು ಕೈಯಿಂದ ತೆಗೆದುಕೊಂಡರು. ನಾನು ನಿದ್ದೆಹೋದೆ. ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಗಾಡಿ ನಿಂತಿತ್ತು. ಎರಡೂ ಚಕ್ರ ತಿರುಗುತ್ತಿದ್ದವು. ನಾನು ಮಾಡಿದ್ದ ಓರೆ ನೊಗವನ್ನೂ ತೆಗೆದು ಹೊಸದು ಹಾಕಿದ್ದರು.

ಮೊದಲ ಬಹುಮಾನ ಬಂತು. ಹೆಸರು ಕೆತ್ತಿದ ಒಂದು ಸ್ಟೀಲ್ ಲೋಟ. ಬಹುಮಾನ ಕೊಡುವಾಗ ವೇದಿಕೆಯಲ್ಲಿದ್ದವರು ಮೈಕಿನಲ್ಲಿ, 'ಇದನ್ನು ನೀನೇ ಮಾಡಿದೆಯೇನಪ್ಪಾ?' ಎಂದು ಕೇಳಿದರು. 'ನಾನೇ ಸಾರ್' ಎಂದೆ. ಅಬ್ಬಾ ಹಿಂದಿನ ಸಾಲಿನಲ್ಲಿ ಕೆಲಸದ ಅಂಗಿಯಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನಾನು ಉಳಿ ಮುಟ್ಟಲಿಲ್ಲ. ಬಡಗಿಯ ಮಗ ಕತೆ ಬರೆಯಲು ಹೊರಟ ಕಾರಣವನ್ನು ಯಾರಾದರೂ ಕೇಳಿದರೆ ಬೇರೇನೋ ಹೇಳುತ್ತ ಬಂದಿದ್ದೇನೆ.

ಬೆಂಗಳೂರು-ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ ಹಾಲೆ ಮರದ ಪುಟ್ಟ ಕಾರು, ರೈಲು ಸಿಗುತ್ತವೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಿಗಳಿಂದ ಈ ಕಸುಬು ಬೇರೂರಿತೆಂದು ಪ್ರತೀತಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಮೆತ್ತಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. ಸೋದರಳಿಯ ಊರಿಗೆ ಬಂದಾಗಲೆಲ್ಲ ಅಂಥದೊಂದನ್ನು ಕೊಡಿಸಿದ್ದೇನೆ. ಅವನ ಕೈಗೆ ಮರದ ತುಂಡು ಕೊಡುವ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ.

ಆ ಆರು ವಾರ ಪ್ರತಿ ಭಾನುವಾರ ಬೆಳಿಗ್ಗೆ ಅಬ್ಬಾ ಫೋನಿನ ಮುಂದೆ ಕೂರುತ್ತಿದ್ದರು. ಎಳೆಯ ಉದ್ದಕ್ಕೇ ಕೊಯ್ಯಬೇಕು, ಅಡ್ಡಕ್ಕೆ ಹೋದರೆ ಕಿತ್ತು ಬರುತ್ತದೆ. ಗರಗಸವನ್ನು ಒತ್ತಬೇಡ, ಅದರ ಪಾಡಿಗೆ ಹೋಗಲು ಬಿಡು. ಮೊಳೆ ಹೊಡೆಯುವಾಗ ಮರ ಸೀಳದಂತೆ ಮೊದಲು ಸಣ್ಣ ತೂತು ಮಾಡು. ಹುಡುಗನ ಕೈ ತಪ್ಪಿದಾಗಲೆಲ್ಲ ಅಬ್ಬಾರ ಬಲಗೈ ತಾನಾಗಿ ಪರದೆಯ ಕಡೆಗೆ ಹೋಗುತ್ತಿತ್ತು. ಬೆರಳು ಗಾಜಿಗೆ ತಗುಲಿ ಒಮ್ಮೆ ಫೋನೇ ಕಟ್ ಆಯಿತು. 'ಥೂ, ಇದೊಂದು' ಎಂದರು. ನಾಲ್ಕನೆಯ ವಾರ ತಂಗಿ ತಡೆಯಲಾರದೆ, 'ಅಬ್ಬಾ, ಈ ಬಲಗಡೆಯ ಚಕ್ರ ನಾನೇ ಸರಿಮಾಡಿ ಬಿಡಲೇ?' ಎಂದಾಗ ಅಬ್ಬಾ ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ, 'ಬೇಡ ಬೇಟಿ. ಅವನಿಗೇ ಬಿಡು' ಎಂದರು.

ಪಂದ್ಯದಲ್ಲಿ ಹುಡುಗನ ಕಾರು ಎರಡನೆಯ ಸುತ್ತಿಗೇ ಸೋತಿತು. ಅತ್ತನೋ ಇಲ್ಲವೋ ತಂಗಿ ಹೇಳಲಿಲ್ಲ. ಫೋಟೊ ಕಳಿಸಿದಳು. ಹಸಿರು ಬಣ್ಣ ಬಳಿದ ಕಾರು, ಒಂದು ಕಡೆ ಬಣ್ಣ ಇಳಿದಿದೆ, ಬಲ ಚಕ್ರ ಸ್ವಲ್ಪ ಹೊರಕ್ಕೆ ವಾಲಿದೆ. ಅಬ್ಬಾಗೆ ತೋರಿಸಿದೆ. ದೊಡ್ಡದು ಮಾಡು ಎಂದರು, ಮಾಡಿದೆ. ಇನ್ನೂ ದೊಡ್ಡದು ಮಾಡು ಎಂದರು. ಪಕ್ಕದಲ್ಲಿ ಗರಗಸ ಎರಡು ಕಡೆ ದಾರಿ ತಪ್ಪಿದ ಗುರುತು ಬಣ್ಣದ ಕೆಳಗಿನಿಂದಲೂ ಕಾಣುತ್ತಿತ್ತು. ಅಬ್ಬಾ ಅದರ ಮೇಲೆ ಬೆರಳಿಟ್ಟು, 'ಇದು ಅವನೇ ಕೊಯ್ದದ್ದಾ?' ಎಂದು ಕೇಳಿದರು. 'ಹೌದು, ಅವನೇ' ಎಂದೆ.